ಕೊಡ್ಲಿ ಯಾವುದು ತಗೊಳ್ಳಲಿ? ಚಾರಣಿಗರೂ ತೋಟದವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ-ಖಾನಾಪುರ ಕಡೆಯ ಚಾರಣದ ಗೆಳೆಯರು ಕೇಳುವ ಪ್ರಶ್ನೆಗಳೂ, ಬಾಗಲಕೋಟೆ-ವಿಜಯಪುರದ ಹೊಲ-ತೋಟದವರು ಕೇಳುವ ಪ್ರಶ್ನೆಗಳೂ ಇಲ್ಲಿ ಒಟ್ಟಿಗೆ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಭಾಗದ ಚಾರಣಕ್ಕೆ ಕೊಡಲಿ ಬಹುತೇಕ ಬೇಕಾಗುವುದೇ ಇಲ್ಲ. ತೋಟಕ್ಕೆ, ಹೊಲದ ಬದುವಿಗೆ ಬೇಕು. ಅದಕ್ಕೆ ಒಂದು ಕೆಜಿ ಆಸುಪಾಸಿನ ತಲೆ, ಎರಡು ಅಡಿಯ ಕಾವು, ಅಂದರೆ ಹಿಡಿಕೆ, ಸಾಕು. ಕೊಳ್ಳುವಾಗ ಹೆಸರು ನೋಡಬೇಡಿ, ಉಕ್ಕಿನ ಹದ ನೋಡಿ, ಕಾವು ನೋಡಿ.

ಭೀಮಗಡದ ಕಡೆ ಟ್ರೆಕ್ ಹೊಂಟೀವ್ರಿ. ಕೊಡ್ಲಿ ಒಯ್ಯಬೇಕೇನು?

ಬ್ಯಾಡ್ರಿ. ಭೀಮಗಡ 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾರೂ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯ ಲೆಕ್ಕದಲ್ಲಿ ಬಂದೂಕು ಮಾತ್ರ ಆಯುಧವಲ್ಲ. ಚಾಕು, ಬಲೆ, ಉರುಲು, ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಲಕರಣೆಯೂ ಆಯುಧವೇ. ಬ್ಯಾಗಿನಿಂದ ಕೊಡಲಿಯ ಕಾವು ಇಣುಕಿತು ಅನ್ನಿ. ಗಾರ್ಡ್ ಮುಂದೆ ‘ಕಟಗಿ ಒಡಿಯಾಕ ತಂದೀವ್ರಿ’ ಅಂದರೆ ಇನ್ನೂ ಕೆಟ್ಟಿತು, ಯಾಕೆಂದರೆ ಅಲ್ಲಿ ಕಟ್ಟಿಗೆ ಕಡಿಯುವುದೂ ಅಪರಾಧ, ಬೆಂಕಿ ಹಾಕುವುದೂ ಅಪರಾಧ.

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರಾ ಧಾಮಕ್ಕೂ ಇದೇ ನಿಯಮ. ಧಾಮವಲ್ಲದ ಮೀಸಲು ಅರಣ್ಯವಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಲ್ಲೂ ಮರ ಕಡಿಯಲು, ಬೆಂಕಿ ಹಚ್ಚಲು ಬಿಡುವುದಿಲ್ಲ.

ಕಾನೂನು ಬದಿಗಿಡೋಣ. ಕಣಕುಂಬಿ, ಜಾಂಬೋಟಿ ಸುತ್ತ ಒಂದು ದಿನ ನಡೆದು ಬರುವವರಿಗೆ ಕೊಡಲಿಯಿಂದ ಆಗಬೇಕಾದ ಕೆಲಸ ಏನಿದೆ? ದಾರಿಗೆ ಬಿದ್ದ ಟೊಂಗೆಯನ್ನು ದಾಟಿ ಹೋಗಬಹುದು. ಚಹಾ ಕಾಯಿಸಲು ಸಣ್ಣ ಗ್ಯಾಸ್ ಒಲೆ ಬಂದಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರಲ್ಲ, ಇಲ್ಲಿ ಆ ಗಾದೆ ಅಕ್ಷರಶಃ ನಿಜ.

ಹಂಗಾದ್ರ ಖಾಸಗಿ ತೋಟದಾಗ, ಹೋಂಸ್ಟೇದಾಗ ಟೆಂಟ್ ಹಾಕಿದಾಗ?

ಮಾಲೀಕರು ಒಪ್ಪಿ, ಒಣ ಕಟ್ಟಿಗೆ ಅವರೇ ಕೊಟ್ಟರೆ ಕೆಲಸ ಇರುವುದು ಚಕ್ಕೆ ಸೀಳುವುದಷ್ಟೇ. ಅದಕ್ಕೂ ನನ್ನ ಮೊದಲ ಆಯ್ಕೆ ಮಡಚುವ ಗರಗಸ. ಹದಿನೆಂಟು-ಇಪ್ಪತ್ತು ಸೆಂಟಿಮೀಟರ್ ಅಲಗಿನದು ಇನ್ನೂರು-ಮುನ್ನೂರು ಗ್ರಾಂ ಒಳಗೇ ಬರುತ್ತದೆ, ಮಣಿಕಟ್ಟು ದಪ್ಪದ ಒಣ ಟೊಂಗೆಯನ್ನು ನೆಟ್ಟಗೆ ಕೊಯ್ಯುತ್ತದೆ, ಜಾರಿ ಮೊಣಕಾಲಿಗೆ ಬಡಿಯುವುದಿಲ್ಲ. ಕತ್ತಲಾದ ಮೇಲೆ, ದಣಿದ ಕೈಯಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಕೊಡಲಿ ಬೀಸುವುದಕ್ಕಿಂತ ಗರಗಸ ಎಳೆಯುವುದು ಎಷ್ಟೋ ವಾಸಿ. ಸಣ್ಣ ಚಕ್ಕೆ ಬೇಕಾದರೆ ಗಟ್ಟಿ ಅಲಗಿನ ಚಾಕುವನ್ನು ಕಟ್ಟಿಗೆಯ ಮೇಲಿಟ್ಟು ಇನ್ನೊಂದು ತುಂಡಿನಿಂದ ಬಡಿದರೆ ಆಯಿತು.

ಕೊಡಲಿಯೇ ಬೇಕೆಂದು ಮನಸ್ಸಿದ್ದರೆ, ತಲೆ ಅರ್ಧ ಕೆಜಿಯಿಂದ ಮುಕ್ಕಾಲು ಕೆಜಿ, ಕಾವು ಒಂದೂವರೆ ಅಡಿ ಇರುವುದನ್ನು ನೋಡಿ.

ಹ್ಯಾಚೆಟ್, ಫಾರೆಸ್ಟ್ ಆಕ್ಸ್, ಮಾಲ್ ಅಂತ ಆನ್‌ಲೈನ್‌ನಾಗ ಇರ್ತಾವ. ವ್ಯತ್ಯಾಸ ಏನು?

ತೂಕ, ಕಾವಿನ ಉದ್ದ, ಬಾಯಿಯ (ಕಡಿಯುವ ಅಂಚಿನ) ದಪ್ಪ. ಈ ಮೂರು ನೋಡಿದರೆ ಹೆಸರು ಮರೆತರೂ ನಡೆಯುತ್ತದೆ.

ಹ್ಯಾಚೆಟ್ ಅಂದರೆ ಒಂದೇ ಕೈಯಲ್ಲಿ ಬೀಸುವ ಸಣ್ಣ ಕೊಡಲಿ. ತಲೆ ಸುಮಾರು 450ರಿಂದ 700 ಗ್ರಾಂ, ಕಾವು 30ರಿಂದ 40 ಸೆಂಟಿಮೀಟರ್. ಚಕ್ಕೆ ಸೀಳಲು, ಗೂಟ ಚೂಪು ಮಾಡಲು, ಬೆರಳು ದಪ್ಪದ ರೆಂಬೆ ಸವರಲು ಅಡ್ಡಿಯಿಲ್ಲ. ಅದಕ್ಕಿಂತ ದೊಡ್ಡ ಕೆಲಸಕ್ಕೆ ಹಚ್ಚಿದರೆ ತೋಳು ಸೋಲುತ್ತದೆ. ಚಾರಣಿಗರು ಮೋಹಪಡುವುದು ಇದಕ್ಕೇ, ನೋಡಲು ಮುದ್ದಾಗಿರುತ್ತದೆ.

ಫಾರೆಸ್ಟ್ ಆಕ್ಸ್ ಅನ್ನುವುದರಲ್ಲಿ ಸಣ್ಣದು 700ರಿಂದ 900 ಗ್ರಾಂ ತಲೆ, 50 ಸೆಂಟಿಮೀಟರ್ ಕಾವು. ದೊಡ್ಡದು ಒಂದು ಕೆಜಿ ದಾಟಿ, ಕಾವು 65 ಸೆಂಟಿಮೀಟರ್ ಅಥವಾ ಹೆಚ್ಚು. ಬಾಯಿ ತೆಳು. ನಾರಿಗೆ ಅಡ್ಡಲಾಗಿ ಕಡಿಯುವುದು, ಟೊಂಗೆ ಸವರುವುದು ಇದರ ಕಸುಬು.

ಮಾಲ್ ಬೇರೆ ಜಾತಿ. ಎರಡೂವರೆಯಿಂದ ಮೂರೂವರೆ ಕೆಜಿ, ಬಾಯಿ ಬೆಣೆಯ ಆಕಾರ. ಇದು ಕಡಿಯುವುದಿಲ್ಲ, ನಾರಿನ ಉದ್ದಕ್ಕೆ ಸಿಡಿಸುತ್ತದೆ. ವರ್ಷವಿಡೀ ಕಟ್ಟಿಗೆ ಒಲೆ ಉರಿಸುವ ಮನೆಗೆ, ಆಲೆಮನೆಗೆ ಸರಿ. ಬೇರೆಯವರಿಗೆ ಮೂಲೆ ಹಿಡಿಯುವ ಸಾಮಾನು.

ಕಡಿಯುವ ಕೊಡಲಿಯ ಬಾಯಿ ಸಾಮಾನ್ಯವಾಗಿ 20-25 ಡಿಗ್ರಿ, ಸೀಳುವುದರದ್ದು 30 ದಾಟಿ. ತೆಳು ಬಾಯಿಯದರಲ್ಲಿ ದಪ್ಪ ಬುಡ ಸೀಳಲು ಹೋದರೆ ಅದು ಒಳಗೆ ಕಚ್ಚಿಕೊಂಡು ಕೂಡುತ್ತದೆ, ಬಿಡಿಸುವಾಗ ಕಾವು ಮುರಿಯುತ್ತದೆ. ದಪ್ಪ ಬಾಯಿಯದರಲ್ಲಿ ಹಸಿ ಟೊಂಗೆ ಕಡಿಯಲು ಹೋದರೆ ಪುಟಿದು ವಾಪಸ್ ಬರುತ್ತದೆ. ಎರಡನೆಯದು ಹೆಚ್ಚು ಅಪಾಯ.

ಒಂದೇ ಒಂದು ತಗೊಳ್ಳೋದಾದ್ರ ಯಾವ್ದು ಛಲೋ?

ತಲೆ 900 ಗ್ರಾಂನಿಂದ 1.2 ಕೆಜಿ, ಕಾವು 55-65 ಸೆಂಟಿಮೀಟರ್. ಒಂದು ಕೈಯಲ್ಲಿ ಮೇಲೆ ಹಿಡಿದು ರೆಂಬೆ ಸವರಬಹುದು, ಎರಡು ಕೈಯಲ್ಲಿ ಬೀಸಿ ತೊಡೆ ದಪ್ಪದ ಜಾಲಿಯನ್ನೂ ಕಡಿಯಬಹುದು. ಅಂಗಡಿಯಲ್ಲೇ ಒಂದು ಅಳತೆ ನೋಡಿ: ತಲೆಯನ್ನು ಅಂಗೈಯಲ್ಲಿ ಹಿಡಿದು ತೋಳು ಚಾಚಿ. ಕಾವಿನ ತುದಿ ಕಂಕುಳಿನ ಹತ್ತಿರಕ್ಕೆ ಬಂದರೆ ನಿಮ್ಮ ಮೈಗೆ ಹೊಂದುತ್ತದೆ.

ತೀರಾ ಗಿಡ್ಡ ಕಾವು ಸುರಕ್ಷಿತ ಅನ್ನುವುದು ತಪ್ಪು ತಿಳಿವಳಿಕೆ. ಗುರಿ ತಪ್ಪಿದ ಉದ್ದ ಕೊಡಲಿ ನಿಮ್ಮ ಮುಂದೆ ನೆಲಕ್ಕೆ ಹೊಡೆಯುತ್ತದೆ. ಗುರಿ ತಪ್ಪಿದ ಗಿಡ್ಡ ಕೊಡಲಿ ತಿರುಗಿ ನಿಮ್ಮ ಮೊಣಕಾಲಿಗೋ ಕಣಕಾಲಿಗೋ ಬರುತ್ತದೆ. ಅದಕ್ಕೇ ಹ್ಯಾಚೆಟ್ ಹಿಡಿದವರು ನಿಂತು ಬೀಸಬಾರದು, ಮೊಣಕಾಲೂರಿ ಕೂತು ಬೀಸಬೇಕು.

ತಲಿ ಭಾರ ಇದ್ದಷ್ಟೂ ಏಟು ಜೋರು ಬೀಳ್ತದಲ್ಲ? ನಾ ಸಣ್ಣಾಕಿ ಅದೀನಿ, ನನಗ ಯಾವ್ದು?

ಏಟಿನ ಬಲ ಬರುವುದು ತೂಕದಿಂದ ಎಷ್ಟೋ, ವೇಗದಿಂದ ಅದಕ್ಕಿಂತ ಹೆಚ್ಚು. ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು. ವೇಗ ಎರಡರಷ್ಟಾದರೆ ನಾಲ್ಕರಷ್ಟು. ಎತ್ತಲು ಕಷ್ಟಪಡುವ ಎರಡು ಕೆಜಿ ತಲೆಗಿಂತ ಸಲೀಸಾಗಿ ಬೀಸುವ 800 ಗ್ರಾಂ ತಲೆ ಹೆಚ್ಚು ಕೆಲಸ ಮಾಡುತ್ತದೆ, ಗುರಿಯೂ ತಪ್ಪುವುದಿಲ್ಲ. ನಿಮಗೆ ನನ್ನ ಸಲಹೆ: ತಲೆ ಹಗುರ ಇರಲಿ, ಕಾವು ಮಾತ್ರ ಗಿಡ್ಡ ಮಾಡಿಸಬೇಡಿ. ಕಾವಿನ ಸುತ್ತಳತೆಯೂ ನೋಡಿರಿ ಅಕ್ಕಾ. ಗಂಡಸರ ಕೈಗೆ ಮಾಡಿದ ದಪ್ಪ ಕಾವು ಹಿಡಿದರೆ ಹತ್ತು ನಿಮಿಷಕ್ಕೆ ಮುಂಗೈ ಬಿಗಿಯುತ್ತದೆ. ಬಡಿಗೇರರಿಗೆ ಹೇಳಿ ಹೆರೆಸಿಕೊಳ್ಳಿ.

ನಮ್ಮೂರ ಕಂಬಾರರ ಕೊಡ್ಲಿ ಛಲೋನೋ, ಫಾರಿನ್ ಬ್ರ್ಯಾಂಡೋ?

ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್, ಹುಲ್ಟಾಫೋರ್ಸ್, ಫಿನ್ಲೆಂಡಿನ ಫಿಸ್ಕಾರ್ಸ್, ಅಮೆರಿಕದ ಎಸ್ಟ್‌ವಿಂಗ್ ಇವೆಲ್ಲ ಒಳ್ಳೆಯ ಕೊಡಲಿಗಳೇ. ಹದ ಒಂದೇ ಸಮ ಇರುತ್ತದೆ, ಬಾಯಿ ಹರಿತವಾಗಿಯೇ ಕೈಗೆ ಬರುತ್ತದೆ. ಆದರೆ ಅವು ಹುಟ್ಟಿದ್ದು ಪೈನ್, ಸ್ಪ್ರೂಸ್, ಬರ್ಚ್ ಮರಗಳ ನಾಡಿನಲ್ಲಿ. ಆ ಮೆದು ಮರಕ್ಕೆ ತೆಳು ಬಾಯಿ ಬೇಕು. ಅದೇ ತೆಳು ಬಾಯಿಯನ್ನು ಒಣಗಿದ ಜಾಲಿಯ ಗಂಟಿಗೆ ಬೀಸಿದರೆ ಅಂಚು ಚೂರು ಹಾರುವ, ಇಲ್ಲವೇ ಮಡಚಿಕೊಳ್ಳುವ ಸಾಧ್ಯತೆ ಇದೆ. ನಮ್ಮ ಕಂಬಾರರು ಬಾಯಿಯನ್ನು ಸ್ವಲ್ಪ ದಪ್ಪ ಬಿಡುವುದು ಒರಟುತನದಿಂದ ಅಲ್ಲ, ಜಾಲಿ-ಹುಣಸೆ ನೋಡಿ ಬಿಡುತ್ತಾರೆ. ಕಾವು ಮುರಿದರೂ ವಿದೇಶಿ ಕೊಡಲಿಗೆ ಅದೇ ಅಳತೆಯ ಹಿಕರಿ ಮರದ ಕಾವು ಇಲ್ಲಿ ಸಿಗುವುದು ಕಷ್ಟ. ಫಿಸ್ಕಾರ್ಸ್ ತರಹದ್ದರಲ್ಲಿ ಕಾವು ಗಾಜುನಾರು ಬೆರೆಸಿದ ಪ್ಲಾಸ್ಟಿಕ್ಕು. ಗಟ್ಟಿ ಹೌದು, ಆದರೆ ಅದು ತಲೆಯ ಸುತ್ತ ಅಚ್ಚು ಹೊಯ್ದು ಕೂರಿಸಿದ್ದು, ಒಡೆದರೆ ಮನೆಯಲ್ಲಿ ಬದಲಿಸುವ ದಾರಿ ಇಲ್ಲ.

ಕಂಬಾರರ ಹತ್ತಿರ ಮಾಡಿಸುವುದಾದರೆ ಮೊದಲ ಮಾತು ಕಬ್ಬಿಣದ್ದು. ಲಾರಿಯ ಹಳೆಯ ಪಾಟಾ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿ, ಕೊಡಲಿಗೆ ಹೇಳಿ ಮಾಡಿಸಿದ ಉಕ್ಕು; ಬಳುಕುತ್ತದೆ, ಹದವೂ ಹಿಡಿಯುತ್ತದೆ. ಪೂರ್ತಿ ತಲೆ ಅದರದ್ದೇ ಇರಬೇಕೆಂದಿಲ್ಲ. ಮೈ ಮೆತ್ತನೆಯ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಬೆಸೆದ ಕೊಡಲಿಗಳು ಹಳೆಯ ಪದ್ಧತಿಯವು, ಅವೂ ಚೆನ್ನಾಗಿ ಬಾಳುತ್ತವೆ. ಬೇಡವಾದದ್ದು ಕಟ್ಟಡದ ಸರಳನ್ನು ಬಡಿದು ಮಾಡಿದ್ದು, ಮತ್ತು ಅಚ್ಚಿನಲ್ಲಿ ಹೊಯ್ದ ಬೀಡು ಕಬ್ಬಿಣದ್ದು. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ ಕೆಲಸ ಬಲ್ಲವರಿಗೆ ಬೀಡಿನ ಗುಣ ಬಿಡಿಸಿ ಹೇಳಬೇಕಿಲ್ಲ: ಪಂಪಿನ ಕವಚಕ್ಕೆ ಸರಿ, ಏಟು ತಿನ್ನುವ ಬಾಯಿಗೆ ಅಲ್ಲ.

ಎರಡನೆಯದು ಹದ. ಕುಲುಮೆಯ ಮುಂದೆ ನಿಂತು ನೋಡಿದರೆ ತಿಳಿಯುತ್ತದೆ. ಕಂಬಾರ ಕಾಕಾ ಕೊಡಲಿಯ ತಲೆಯನ್ನು ಕೆಂಪಗೆ ಕಾಯಿಸಿ, ಪೂರ್ತಿ ಮುಳುಗಿಸದೆ, ಬಾಯಿಯ ಕಡೆಯ ಎರಡು ಬೆರಳಷ್ಟು ಮಾತ್ರ ನೀರಿಗೆ ಅದ್ದುತ್ತಾರೆ. ಹೊರಗೆ ತೆಗೆದು ಕಲ್ಲಿಗೆ ಗಸಗಸ ಉಜ್ಜಿ ಬಾಯಿಯನ್ನು ಬೆಳ್ಳಗೆ ಮಾಡುತ್ತಾರೆ. ಹಿಂಭಾಗದಲ್ಲಿ ಉಳಿದ ಬಿಸಿ ನಿಧಾನಕ್ಕೆ ಮುಂದಕ್ಕೆ ಹರಿಯುವಾಗ ಆ ಬೆಳ್ಳನೆ ಜಾಗದಲ್ಲಿ ಬಣ್ಣ ಓಡಿ ಬರುತ್ತದೆ: ಮೊದಲು ಒಣ ಕಣಿಕೆಯ ಹಳದಿ, ಆಮೇಲೆ ಕಂದು, ಅದರ ಬೆನ್ನಿಗೆ ನೇರಳೆ, ಕೊನೆಗೆ ನೀಲಿ. ಹಳದಿ ಅಂದರೆ ಸುಮಾರು 220-230 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಬಾಯಿಯ ಅಂಚಿಗೆ ಕಂದು-ನೇರಳೆ ಮುಟ್ಟುತ್ತಲೇ ಮತ್ತೆ ನೀರಿಗೆ. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಗಾಜಿನಂತೆ ಚಕ್ಕೆ ಏಳುತ್ತದೆ, ನೀಲಿ ದಾಟಲು ಬಿಟ್ಟರೆ ಮೆತ್ತಗಾಗುತ್ತದೆ. ಈ ನಾಲ್ಕಾರು ಕ್ಷಣದ ಕೆಲಸಕ್ಕೇ ನೀವು ದುಡ್ಡು ಕೊಡುವುದು. ಬಿಸಿಲಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ ಅಂತ ಒಳ್ಳೆಯ ಕಂಬಾರರು ಕುಲುಮೆಯನ್ನು ನೆರಳಿನಲ್ಲಿ ಇಟ್ಟಿರುತ್ತಾರೆ. ‘ಲಗೂನ ಕೊಡ್ರಿ ಕಾಕಾ’ ಅಂತ ಆಗ ಅವಸರ ಮಾಡಬೇಡಿ.

ನನ್ನ ತೀರ್ಪು ಕೇಳಿದರೆ, ತೋಟಕ್ಕೆ ಕಂಬಾರರದ್ದು. ಹಗುರದ ಸಣ್ಣ ಕೊಡಲಿ ಬೇಕು, ಬ್ಯಾಗಿಗೆ ಹಾಕಬೇಕು, ದುಡ್ಡಿಗೆ ಚಿಂತೆ ಇಲ್ಲ ಅನ್ನುವವರಿಗೆ ಮಾತ್ರ ಬ್ರ್ಯಾಂಡಿನದು.

ಸಂತ್ಯಾಗ ಮೊದಲೇ ಮಾಡಿಟ್ಟಿದ್ದು ತಗೊಂಡ್ರ ಹದ ಹೆಂಗ್ ಪರೀಕ್ಷೆ ಮಾಡೋದು?

ಒಂದು ಅರ (ಕಬ್ಬಿಣ ಉಜ್ಜುವ ಫೈಲ್) ಜೊತೆಗೆ ಒಯ್ಯಿರಿ. ಬಾಯಿಯ ಅಂಚಿಗೆ ಹಗುರವಾಗಿ ಒತ್ತಿ ಎಳೆಯಿರಿ. ಸ್ವಲ್ಪ ತಡೆದು, ಕಚ್ಚಿ, ಸಣ್ಣ ಪುಡಿ ಉದುರಿದರೆ ಹದ ಸರಿ. ಒಂದು ಚೂರೂ ಕಚ್ಚದೆ ಜಾರಿ ಹೋದರೆ ವಿಪರೀತ ಗಟ್ಟಿ. ಬೆಣ್ಣೆಗೆ ಹಾಕಿದ ಹಾಗೆ ಇಳಿದರೆ ಹದವೇ ಇಲ್ಲ. ಅದೇ ಅರವನ್ನು ತಲೆಯ ಹಿಂಭಾಗಕ್ಕೂ ಎಳೆದು ನೋಡಿ. ಅಲ್ಲಿ ಬಾಯಿಗಿಂತ ಮೆತ್ತಗೆ ಸಿಗಬೇಕು.

ಆಮೇಲೆ ತಲೆಯನ್ನು ದಾರದಲ್ಲಿ ತೂಗಿಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ. ‘ಠಣ್’ ಅಂತ ಎಳೆದು ಕೇಳಿಸಿದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಸೀಳು ಇದೆ. ಕಾವು ಹಾಕುವ ತೂತು ಬಾಯಿಗೆ ನೇರ ಇದೆಯೇ ಅಂತ ಕಣ್ಣು ಮಟ್ಟಕ್ಕೆ ಹಿಡಿದು ನೋಡಿ. ಸೊಟ್ಟ ತೂತಿನ ಕೊಡಲಿಯನ್ನು ಯಾವ ಕಾವೂ ನೆಟ್ಟಗೆ ಮಾಡಲಾರದು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗುವವರು ಅರ ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಮಾರುವವರು ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಕಾವಿಗೆ ಯಾವ ಕಟಗಿ?

ಘಟ್ಟದ ಕಡೆಯವರಿಗೆ ತಡಸಲು ಮತ್ತು ದಿಂಡಿಗ. ತಡಸಲು ಬಳುಕುವ ಮರ, ಏಟಿನ ಅದುರು ಕೈಗೆ ಬಾರದಂತೆ ನುಂಗುತ್ತದೆ. ದಿಂಡಿಗ ಗಟ್ಟಿ, ಬಂಡಿಯ ಅಚ್ಚಿಗೂ ಬಳಸುತ್ತಿದ್ದ ಮರ. ಬಯಲು ಸೀಮೆಯವರಿಗೆ ಕರಿಜಾಲಿ ಇದೆ. ಜಾಲಿಯ ನೆಟ್ಟನೆ ತುಂಡು ಸಿಗುವುದೇ ಕಷ್ಟ, ಸಿಕ್ಕರೆ ಬಿಡಬೇಡಿ. ಬೇವು ಸುಲಭಕ್ಕೆ ಸಿಗುತ್ತದೆ ಅಂತ ಹಾಕುತ್ತಾರೆ, ಬಹಳ ದಿನ ಬಾಳುವುದಿಲ್ಲ. ಸಾಗವಾನಿ ಕಾವಿಗೆ ಬೇಡ, ಏಟಿಗೆ ಸೀಳುತ್ತದೆ. ಬಾಗಿಲು ಮಾಡುವ ಮರವೆಲ್ಲ ಕಾವಿಗೆ ಬರುವುದಿಲ್ಲ.

ಯಾವ ಮರವಾದರೂ ನಾರಿನ ಓಟ ನೋಡಿ. ಕಾವಿನ ಬುಡವನ್ನು ಮುಖಕ್ಕೆ ಹಿಡಿದರೆ ಗೆರೆಗಳು ಕಾಣುತ್ತವೆ. ಅವು ಕೊಡಲಿಯ ಬಾಯಿ ಇರುವ ದಿಕ್ಕಿಗೇ ಉದ್ದಕ್ಕೆ ನಿಂತಿರಬೇಕು, ಅಡ್ಡ ಮಲಗಿರಬಾರದು. ಆಮೇಲೆ ಪಕ್ಕದಿಂದ ನೋಡಿ: ನಾರು ಕಾವಿನ ಉದ್ದಕ್ಕೂ ಹೋಗುತ್ತದೆಯೋ, ನಡುವೆ ಎಲ್ಲೋ ಓರೆಯಾಗಿ ಹೊರಗೆ ಓಡಿಹೋಗುತ್ತದೆಯೋ? ಓಡಿಹೋದ ಕಡೆಯೇ ಮುರಿಯುತ್ತದೆ. ಗಂಟು ಇರಲೇಬಾರದು. ಹಸಿ ಕಟ್ಟಿಗೆಯ ಕಾವು ಕೂರಿಸಿದರೆ ತಿಂಗಳೊಳಗೆ ಕುಗ್ಗಿ ಸಡಿಲವಾಗುತ್ತದೆ. ನೆರಳಲ್ಲಿ ಒಣಗಿದ್ದನ್ನೇ ಕೇಳಿ.

ಅಂಗಡಿಯ ಕಾವಿಗೆ ಹೊಳೆಯುವ ವಾರ್ನಿಶ್ ಬಳಿದಿರುತ್ತಾರೆ. ಅದು ಬೆವರಿದ ಕೈಗೆ ಬೊಬ್ಬೆ ಏಳಿಸುತ್ತದೆ. ಒಡೆದ ಗಾಜಿನ ಚೂರಿನಿಂದ ಹೆರೆದು ತೆಗೆದು, ಎಣ್ಣೆ ಹಚ್ಚಿ.

ಬ್ಯಾಸಗ್ಯಾಗ ಕಾವು ಸಡ್ಲ ಆಗೇತಿ. ರಾತ್ರಿ ನೀರಾಗ ಇಟ್ರ ಬಿಗಿ ಆಗ್ತದಲ್ಲ?

ಆಗುತ್ತದೆ, ಆದರೆ ಅಂದಿಗಷ್ಟೇ. ನೀರು ಕುಡಿದ ಮರ ತೂತಿನೊಳಗೆ ಹಿಗ್ಗಲು ಜಾಗವಿಲ್ಲದೆ ತನ್ನ ನಾರನ್ನೇ ಜಜ್ಜಿಕೊಳ್ಳುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ. ಪ್ರತಿ ಸಲವೂ ಇನ್ನಷ್ಟು ಸಡಿಲ.

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಖಾನಾಪುರದಲ್ಲಿ ಕೂರಿಸಿದ ಕಾವು, ಏಪ್ರಿಲ್‌ನಲ್ಲಿ ವಿಜಯಪುರದ 40 ಡಿಗ್ರಿ ಬಿಸಿಲಿಗೆ ಬಂದರೆ ಅಲ್ಲಾಡದೆ ಇರುವುದಿಲ್ಲ. ಹೊಸ ಕಾವು ಹಾಕಿಸುವುದಿದ್ದರೆ ಬೇಸಿಗೆಯಲ್ಲೇ ಹಾಕಿಸಿ. ಮರ ಅತಿ ಒಣಗಿದ್ದಾಗ ಬಿಗಿಯಾಗಿ ಕೂತದ್ದು ಮಳೆಗಾಲಕ್ಕೆ ಇನ್ನೂ ಬಿಗಿಯುತ್ತದೆ.

ಸಡಿಲವಾದದ್ದಕ್ಕೆ ಸರಿಯಾದ ಮದ್ದು: ಕೊಡಲಿಯ ತಲೆ ಕೆಳಗಾಗುವಂತೆ ಕಾವನ್ನು ಗಾಳಿಯಲ್ಲಿ ತೂಗಿ ಹಿಡಿದು, ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಏಟು ಹಾಕಿ. ತಲೆ ತಾನಾಗಿ ಮೇಲಕ್ಕೆ ಏರಿ ಬಿಗಿಯುತ್ತದೆ. ಆಮೇಲೆ ಮೇಲ್ತುದಿಯ ಸೀಳಿಗೆ ಹೊಸ ಬೆಣೆ ಹೊಡೆಯಿರಿ. ಬೆಣೆ ಇಲ್ಲದ ಜಾತಿಯ ಕೊಡಲಿಗಳೂ ಇವೆ: ಕಾವಿನ ಮೇಲ್ತುದಿ ದಪ್ಪ, ತಲೆಯನ್ನು ಕೆಳಗಿನಿಂದ ಏರಿಸಿದರೆ ಅಲ್ಲಿ ಹೋಗಿ ಕಚ್ಚುತ್ತದೆ. ಬೀಸಿದಷ್ಟೂ ಬಿಗಿ. ತೋಟದಲ್ಲಿ ಕಾವು ಬದಲಿಸುವುದು ಇದರಲ್ಲಿ ಬಲು ಸುಲಭ.

ಮೊಳೆ ಹೊಡೆದು ಬಿಗಿ ಮಾಡುವವರನ್ನು ನೋಡಿದ್ದೇನೆ. ಮೊಳೆ ಕಾವನ್ನು ಸೀಳುತ್ತದೆ. ಅಲ್ಲಾಡುವ ತಲೆಯ ಕೊಡಲಿಯನ್ನು ಒಂದು ಏಟಿಗೂ ಬೀಸಬಾರದು. ಹಾರಿದ ತಲೆ ಎಲ್ಲಿ ಹೋಗುತ್ತದೆಂದು ಹೇಳಲು ಬರುವುದಿಲ್ಲ.

ಕಾವಿಗೆ ಯಾವ ಎಣ್ಣಿ ಹಚ್ಚಲಿ? ಮನ್ಯಾಗ ಶೇಂಗಾ ಎಣ್ಣಿ ಐತಿ.

ಶೇಂಗಾ, ಕೊಬ್ಬರಿ ಎಣ್ಣೆ ಬೇಡ. ಅವು ಒಣಗುವುದಿಲ್ಲ, ಅಂಟು ಉಳಿಯುತ್ತದೆ, ಧೂಳು ಹಿಡಿಯುತ್ತದೆ. ನಮ್ಮಲ್ಲೇ ಬೆಳೆಯುವ ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರದೊಳಗೆ ಪದರ ಕಟ್ಟುತ್ತದೆ. ಚಟ್ನಿಗೆ ಹುರಿಯುವ ಅದೇ ಅಗಸಿ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಬೇಗ ಒಣಗುತ್ತದೆ, ಆದರೆ ಅದನ್ನು ಅಡುಗೆಮನೆಗೆ ತರಬೇಡಿ. ಕುಸುಬಿ ಎಣ್ಣೆಯೂ ನಡೆಯುತ್ತದೆ, ಅಗಸಿಯಷ್ಟು ಚೆನ್ನಾಗಿ ಗಟ್ಟಿಯಾಗುವುದಿಲ್ಲ. ತೆಳುವಾಗಿ ಹಚ್ಚಿ, ಒರೆಸಿ, ಬಿಸಿಲಲ್ಲಿಟ್ಟು ಮರುದಿನ ಮತ್ತೊಮ್ಮೆ.

ಎಚ್ಚರದ ಒಂದು ಮಾತು: ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಬರಲಾಗದೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಸಾಣೆ ಹಿಡಿಯೋ ಮಶೀನ್‌ಗೆ ಕೊಟ್ರ ಆಗ್ತದೇನು?

ಆಗದಿದ್ದರೆ ಒಳ್ಳೆಯದು. ಒಣ ಕಲ್ಲಿನ ಮಶೀನ್ ವೇಗಕ್ಕೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡಿತೋ, ಅಲ್ಲಿ ಹದ ಹೋಯಿತು. ಕಂಬಾರರ ಅಷ್ಟೂ ಕೆಲಸ ನೀರುಪಾಲು. ಕೊಡಲೇಬೇಕಾದರೆ ಎದುರಿಗೆ ನಿಂತು, ಎರಡು ಸಲ ಮುಟ್ಟಿಸಿದ ಮೇಲೆ ನೀರಿಗೆ ಅದ್ದಿ ಅಂತ ಹೇಳಿ.

ಮನೆಯಲ್ಲಿ ಅರ ಸಾಕು. ಕೊಡಲಿಯನ್ನು ಕಟ್ಟೆಗೆ ಬಿಗಿದು, ಅರವನ್ನು ಮುಂದಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಿ. ಕೈಗೆ ದಪ್ಪ ಚರ್ಮದ ಗ್ಲೋವ್ಸ್ ಇರಲಿ. ಇನ್ನೊಂದು ಬದಿಗೆ ಬೆರಳು ಸವರಿದಾಗ ಸಣ್ಣ ಬಿರುಸು ಸಿಗುತ್ತದೆ. ಅದು ಉದ್ದಕ್ಕೂ ಒಂದೇ ಸಮ ಬಂದ ಮೇಲೆ ಬದಿ ಬದಲಿಸಿ. ಕೊನೆಗೆ ಸಾಣೆಕಲ್ಲಿಗೆ ನೀರು ಹಾಕಿ ಸುತ್ತು ಸುತ್ತಾಗಿ ಉಜ್ಜಿ. ಕೂದಲು ಬೋಳಿಸುವಷ್ಟು ಹರಿತ ಬೇಕಿಲ್ಲ, ಕಾಗದ ಕೊಯ್ದರೆ ಆಯಿತು. ಮೊಂಡ ಕೊಡಲಿ ಸುರಕ್ಷಿತವಲ್ಲ, ಕಚ್ಚದೆ ಪುಟಿಯುವುದು ಅದೇ.

ಬಳ್ಳಾರಿ ಜಾಲಿ ತೆಗಿಬೇಕಾಗೇತಿ. ಯಾವ ಕಟಗಿ ಹೆಂಗ್ ಒಡೀತದ?

ಬಳ್ಳಾರಿ ಜಾಲಿಗೆ ಮೊದಲು ಕೊಯ್ತಾ, ಆಮೇಲೆ ಕೊಡಲಿ. ಕಬ್ಬು ಕಡಿಯುವ ಕೊಯ್ತಾದಿಂದ ಮುಳ್ಳಿನ ಟೊಂಗೆ ಸವರಿ ಬುಡ ಕಾಣುವಂತೆ ಮಾಡಿಕೊಳ್ಳಿ. ಮುಳ್ಳು ಚಪ್ಪಲಿ ತೂರುತ್ತದೆ, ಗಟ್ಟಿ ಬೂಟು ಬೇಕು. ಬುಡ ಕಡಿದಷ್ಟಕ್ಕೆ ಸಾಯದು, ಮತ್ತೆ ಚಿಗುರುತ್ತದೆ. ನೆಲದೊಳಗಿನ ಗಡ್ಡೆಸಹಿತ ಅಗೆದು ತೆಗೆಯಬೇಕು.

ನೀಲಗಿರಿಯನ್ನು ಹಸಿ ಇದ್ದಾಗಲೇ ಸೀಳಿ. ಒಣಗಿದ ಮೇಲೆ ತಿರುಚಿದ ನಾರು ಕೊಡಲಿಯನ್ನು ಬಿಡುವುದಿಲ್ಲ. ಬೇವಿನ ನಾರು ಒಂದರೊಳಗೊಂದು ಹೆಣೆದಿರುತ್ತದೆ, ತಾಳ್ಮೆ ಬೇಕು. ಸುಬಾಬುಲ್ ಸಲೀಸು. ಹುಣಸೆಯನ್ನು ಸೀಳಲು ಹೋಗಲೇಬೇಡಿ; ಮಾಂಸದ ಅಂಗಡಿಯವರು ಕೊಚ್ಚುವ ದಿಮ್ಮಿಗೆ ಅದನ್ನೇ ಹುಡುಕುವುದು ಸುಮ್ಮನೆ ಅಲ್ಲ. ಸಿಕ್ಕರೆ ನೀವೂ ಕಟ್ಟಿಗೆ ಒಡೆಯುವ ದಿಮ್ಮಿಯಾಗಿ ಇಟ್ಟುಕೊಳ್ಳಿ.

ಹೊಲ ನಮ್ದು, ಮರ ನಮ್ದು. ಕಡಿಯಾಕ ಪರವಾನಗಿ ಯಾಕ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದ ಮರವಾದರೆ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಿ. ಶ್ರೀಗಂಧದ ಗಿಡವಿದ್ದರೆ ಕೇಳದೆ ಕೊಡಲಿ ಮುಟ್ಟಿಸಲೇಬೇಡಿ.

ಕಾಲಿಗೆ ಬಡಿಯದಂಗ ಕಟಗಿ ಒಡಿಯೋದು ಹೆಂಗ?

ಮೊಣಕಾಲೆತ್ತರದ ದಿಮ್ಮಿ ಇಡಿ, ನೆಲದ ಮೇಲಿಟ್ಟು ಒಡೆಯಬೇಡಿ. ಕಲ್ಲಿಗೆ ತಾಗಿದ ಒಂದೇ ಏಟಿಗೆ ಬಾಯಿ ಹಾಳು. ತುಂಡನ್ನು ದಿಮ್ಮಿಯ ಆಚೆಯ ಅಂಚಿಗೆ ನಿಲ್ಲಿಸಿ. ಗುರಿ ತಪ್ಪಿದರೂ ಕೊಡಲಿ ದಿಮ್ಮಿಯಲ್ಲೇ ನಿಲ್ಲುತ್ತದೆ. ಕಾಲು ಭುಜದಷ್ಟು ಅಗಲಕ್ಕೆ, ಸಮನಾಗಿ. ಕೊಡಲಿ ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಲಿ, ಆಗ ಬಾಯಿ ನೆಲಕ್ಕೆ ನೇರವಾಗಿ ಬೀಳುತ್ತದೆ.

ಬೀಸುವ ಮೊದಲು ಕೈಯಲ್ಲಿ ಕೊಡಲಿ ಚಾಚಿ ಒಂದು ಸುತ್ತು ತಿರುಗಿ. ತಲೆಯ ಮೇಲೆ ಬಟ್ಟೆ ಒಣಹಾಕುವ ತಂತಿ, ಬಳ್ಳಿ, ಟೊಂಗೆ ಏನೂ ತಾಗಬಾರದು. ಹುಡುಗರು ಅದರ ಎರಡರಷ್ಟು ದೂರ ನಿಲ್ಲಲಿ. ಸಣ್ಣ ಚಕ್ಕೆಗೆ ಬೀಸುವ ಅಗತ್ಯವೇ ಇಲ್ಲ: ಕೊಡಲಿಯ ಬಾಯನ್ನು ತುಂಡಿನ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿ ದಿಮ್ಮಿಗೆ ಬಡಿಯಿರಿ.

ಕೊಡಲಿಯ ಹಿಂಭಾಗವನ್ನು ಸುತ್ತಿಗೆ ಮಾಡಿಕೊಳ್ಳಬೇಡಿ, ಅದಕ್ಕೆ ಸುತ್ತಿಗೆಯಿಂದ ಹೊಡೆಯಲೂ ಬೇಡಿ. ಕಾವಿನ ತೂತಿನ ಪಕ್ಕದ ಗೋಡೆ ತೆಳುವಾಗಿರುತ್ತದೆ, ಅಲ್ಲೇ ಬಿರಿಯುತ್ತದೆ. ಕಬ್ಬಿಣದ ಚೂರು ಹಾರಿ ಕಣ್ಣಿಗೂ ಬೀಳಬಹುದು. ಕಚ್ಚಿಕೊಂಡ ತುಂಡಿಗೆ ಪ್ರತ್ಯೇಕ ಬೆಣೆ ಹಾಕಿ.

ಆದ್ರೂ ಪೆಟ್ಟು ಬಿದ್ರ?

ಶುದ್ಧ ಅರಿವೆಯಿಂದ ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹತ್ತು ನಿಮಿಷ ತೆಗೆದು ನೋಡಬೇಡಿ. ಅರಿವೆ ತೊಯ್ದರೆ ಅದರ ಮೇಲೆ ಇನ್ನೊಂದು. ಅರಿಶಿನ, ಚಹಾಪುಡಿ, ಮಣ್ಣು ತುಂಬಬೇಡಿ. 108ಕ್ಕೆ ಕರೆ ಮಾಡಿ. ಗಾಯ ಸಣ್ಣದಿದ್ದರೂ ಟೆಟನಸ್ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಜಾಂಬೋಟಿ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಿಕೊಳ್ಳಬೇಡಿ. ಯಾರಾದರೂ ಜೊತೆಗಿರುವಾಗ ಮಾತ್ರ ಕೊಡಲಿ ಹಿಡಿಯಿರಿ.

ಬಾಯಿಗೆ ಕವಚ ಎಲ್ಲಿ ಮಾಡಿಸಲಿ?

ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರ ಹತ್ತಿರ. 2019ರಲ್ಲಿ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಸಿಕ್ಕಾಗ ಆ ಚಪ್ಪಲಿಯ ಪಟ್ಟಿಯಲ್ಲಿ ಮಹಾರಾಷ್ಟ್ರದ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಅದೇ ದಪ್ಪ ಚರ್ಮದಲ್ಲಿ ಕವಚ ಸೊಗಸಾಗಿ ಬರುತ್ತದೆ. ಹೊಲಿಗೆ ಇರುವ ಬದಿಗೆ ಒಳಗೆ ಇನ್ನೊಂದು ಪಟ್ಟಿ ಇಡಲು ಹೇಳಿ, ಇಲ್ಲದಿದ್ದರೆ ಬಾಯಿ ದಾರವನ್ನೇ ಕೊಯ್ಯುತ್ತದೆ.

ಮಳೆಗಾಲದಲ್ಲಿ ಮಾತ್ರ ಕೊಡಲಿಯನ್ನು ಚರ್ಮದ ಕವಚದಲ್ಲಿಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ತೋಟದ ಕೊಡಲಿಗೆ ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಸುತ್ತಿದರೂ ನಡೆಯುತ್ತದೆ.

ಹಿಮಾಲಯ ಟ್ರೆಕ್‌ಗೆ ಐಸ್ ಆಕ್ಸ್ ಬೇಕಂತ ಹೇಳ್ಯಾರ. ನಮ್ಮ ಕೊಡ್ಲಿ ನಡೀತದೇನು?

ಇಲ್ಲ. ಅದು ಹಿಮದಲ್ಲಿ ಊರಿ ನಡೆಯಲು, ಜಾರಿದಾಗ ಚುಚ್ಚಿ ನಿಲ್ಲಲು ಇರುವ ಸಾಧನ, ಮರ ಕಡಿಯುವುದಿಲ್ಲ. ತಲೆ ಹಿಡಿದು ಕೈ ಇಳಿಬಿಟ್ಟಾಗ ಅದರ ತುದಿ ಪಾದದ ಮೇಲಿನ ಗಂಟಿನ ಹತ್ತಿರಕ್ಕೆ ಬರಬೇಕು. ಕೊಳ್ಳುವ ಮೊದಲು ಕರೆದುಕೊಂಡು ಹೋಗುವವರನ್ನು ಕೇಳಿ, ಅಲ್ಲೇ ಬಾಡಿಗೆಗೆ ಕೊಡುತ್ತಾರೇನೋ.

ಸಾಂಬ್ರಾದಿಂದ ವಿಮಾನದಾಗ, ಇಲ್ಲಾ ಬಸ್ಸಿನಾಗ ಕೊಡ್ಲಿ ಒಯ್ಯಬಹುದೇನು?

ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು. ಬಾಯಿಗೆ ಕವಚ ಹಾಕಿ, ಮೇಲೆ ದಪ್ಪ ರಟ್ಟು ಸುತ್ತಿ. ಬಸ್ಸಿಗೂ ಬೈಕಿಗೂ ಅದೇ ಮಾತು: ಚೀಲದೊಳಗೆ, ಕವಚದೊಳಗೆ. ಬೆಣೆ ಇಲ್ಲದ ಜಾತಿಯದಾದರೆ ತಲೆ ಬಿಚ್ಚಿ ಬೇರೆ ಇಟ್ಟುಕೊಳ್ಳಿ, ಕಾವು ಬರೀ ಬಡಿಗೆ.